ಆರೂವರೆ ನೂಲಿನ ತಪ್ಪು

ಅಕ್ಕನ ಮನೆ ಇರುವುದು ತೀರ್ಥಹಳ್ಳಿಯಿಂದಾಚೆ, ಒಂದು ಗುಡ್ಡದ ಮೇಲೆ. ಡಾಂಬರು ಮುಗಿದಲ್ಲಿಂದ ಒಂದೂವರೆ ಕಿಲೋಮೀಟರ್ ಕಲ್ಲು ಮಣ್ಣಿನ ಏರು. ಮಳೆಗಾಲದಲ್ಲಿ ಆ ಏರು ಹತ್ತುವ ಗಾಡಿ ಒಂದೇ, ಭಾವ ಎಪ್ಪತ್ತರ ದಶಕದಲ್ಲಿ ಕೊಂಡ ಜೀಪು. ಭಾವ ಈಗಿಲ್ಲ. ಜೀಪು ಇದೆ, ಎಂಬತ್ತೆರಡು ವರ್ಷದ ಅಕ್ಕ ಇದ್ದಾಳೆ, ತಿಂಗಳಿಗೊಮ್ಮೆ ಅವಳನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಕರೆತರುವ ಕೆಲಸವೂ ಇದೆ.

ಹೋದ ವರ್ಷ ಆ ಜೀಪಿನ ಹಿಂಭಾಗದಿಂದ ಊಳಿಡುವಂಥ ಸದ್ದು ಶುರುವಾಯಿತು. ನಿಧಾನಕ್ಕೆ ಹೋದರೆ ನರಳುವುದು, ಜೋರಾಗಿ ಹೋದರೆ ಊಳಿಡುವುದು. ‘ಡಿಫರೆನ್ಶಿಯಲ್ ಹಲ್ಲು ಹೋಗಿದೆ, ಗುಜರಿಗೆ ಹಾಕಿಬಿಡಿ’ ಎಂದರು ನೋಡಿದವರು. ಅಕ್ಕ ಫೋನಿನಲ್ಲಿ, ‘ಏ ತಮ್ಮಾ, ನಂಗೂ ಹಲ್ಲಿಲ್ಲ. ನನ್ನನ್ನೂ ಗುಜರಿಗೆ ಹಾಕ್ತೀರೇನೋ?’ ಎಂದಳು. ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಜೀಪನ್ನು ಎಳೆಸಿಕೊಂಡು ಶಿವಮೊಗ್ಗದ ನಮ್ಮ ಮನೆಯ ಅಂಗಳಕ್ಕೆ ತಂದೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ಮೆಕ್ಯಾನಿಕ್ ಅಲ್ಲ. ಆದರೆ ಭದ್ರಾವತಿ ಶಾಖೆಯಲ್ಲಿದ್ದಾಗ ಒಬ್ಬ ಫಿಟ್ಟರ್ ಗೆಳೆಯ ಸಿಕ್ಕಿದ್ದ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಈಗಲೂ ಅಲ್ಲೇ ಇದ್ದಾನೆ. ಅವನು, ನಾನು, ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ಮೂವರೂ ಸೇರಿ ಮಾಡಿದ ಕೆಲಸದ ಕಥೆ ಇದು. ಅದರಲ್ಲಿ ನಾನೊಬ್ಬನೇ ಮಾಡಿದ ಎರಡು ತಪ್ಪುಗಳ ಕಥೆಯೂ ಸೇರಿದೆ.

ಡಿಫರೆನ್ಶಿಯಲ್ ಏನು ಮಾಡುತ್ತದೆ ಎಂದು ತಿಳಿಯಲು ಮಕ್ಕಳು ಒಂದು ಆಟ ಆಡಿ ನೋಡಬಹುದು. ನಾಲ್ಕಡಿ ಉದ್ದದ ಕೋಲಿನ ಎರಡು ತುದಿಯನ್ನು ಇಬ್ಬರು ಹಿಡಿದುಕೊಂಡು ಅಂಗಳದ ತುಳಸಿಕಟ್ಟೆಗೆ ಅಕ್ಕಪಕ್ಕ ನಡೆಯುತ್ತ ಪ್ರದಕ್ಷಿಣೆ ಬನ್ನಿ. ಒಳಗಿನವನು ಪುಟ್ಟ ಹೆಜ್ಜೆ ಹಾಕುತ್ತಾನೆ, ಹೊರಗಿನವನು ಓಡಬೇಕಾಗುತ್ತದೆ. ಒಂದು ಸುತ್ತಿಗೆ ಹೊರಗಿನವನು ಎಷ್ಟು ಹೆಚ್ಚು ನಡೆದ? ಎರಡು ಪಟ್ಟು ಪೈ, ಅದನ್ನು ಕೋಲಿನ ಉದ್ದದಿಂದ ಗುಣಿಸಿ: 2 × 3.14 × 4, ಅಂದರೆ ಸುಮಾರು 25 ಅಡಿ. ತಮಾಷೆಯೆಂದರೆ ಪ್ರದಕ್ಷಿಣೆ ತುಳಸಿಕಟ್ಟೆಗಾದರೂ ಸರಿ, ನಮ್ಮೂರಿನ ಶಿವಪ್ಪ ನಾಯಕನ ಪ್ರತಿಮೆಗಾದರೂ ಸರಿ, ವ್ಯತ್ಯಾಸ ಅದೇ 25 ಅಡಿ. ಜೀಪಿನ ಎಡ ಬಲ ಚಕ್ರಗಳ ನಡುವಿನ ಅಂತರವೂ ಹತ್ತಿರಹತ್ತಿರ ನಾಲ್ಕಡಿಯೇ. ಎರಡೂ ಚಕ್ರಗಳನ್ನು ಒಂದೇ ಕಬ್ಬಿಣದ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ಚಕ್ರ ನೆಲಕ್ಕೆ ಉಜ್ಜಲೇಬೇಕು. ಹಾಗಾಗದಂತೆ, ಶಕ್ತಿಯನ್ನೂ ಕೊಟ್ಟು, ಬೇರೆ ಬೇರೆ ವೇಗದಲ್ಲಿ ತಿರುಗಲು ಸ್ವಾತಂತ್ರ್ಯವನ್ನೂ ಕೊಡುವ ಹಲ್ಲುಚಕ್ರಗಳ ಸಂಸಾರವೇ ಡಿಫರೆನ್ಶಿಯಲ್. ಜೀಪು, ಲಾರಿಗಳ ಹಿಂದೆ ಅಡ್ಡಲಾಗಿ ಮಲಗಿದ ಆಕ್ಸಲ್‌ನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಭಾಗ ಕಾಣುತ್ತದಲ್ಲ, ಅದರೊಳಗೆ ಇದರ ವಾಸ.

ಆ ಕುಂಬಳಕಾಯಿಯ ಮೂತಿಯಿಂದ ಹೊರಟು ಗೇರ್‌ಬಾಕ್ಸಿನ ಕಡೆಗೆ ಹೋಗುವ ಉಕ್ಕಿನ ಕೊಳವೆಯೇ ಪ್ರೊಪೆಲರ್ ಶಾಫ್ಟ್. ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವುದು ಅದರ ಕೆಲಸ. ಮೊದಮೊದಲ ಎಷ್ಟೋ ಕಾರುಗಳಲ್ಲಿ ಈ ಕೆಲಸಕ್ಕೆ ಸೈಕಲ್ಲಿನ ಹಾಗೆ ಚೈನು ಇರುತ್ತಿತ್ತು. ಫ್ರಾನ್ಸಿನ ಲೂಯಿ ರೆನೋ 1898ರಲ್ಲಿ ತನ್ನ ಪುಟ್ಟ ಕಾರಿಗೆ ಚೈನಿನ ಬದಲು ಶಾಫ್ಟ್ ಹಾಕಿದ.

ಬೇರೆ ಡಿಫರೆನ್ಶಿಯಲ್ ಹುಡುಕಲು ನಾವು ಹೋದದ್ದು ಗುಜರಿಗೇ. ಬಿಡಿಯಾಗಿ ಹಲ್ಲುಚಕ್ರ ಕೂರಿಸುವುದು ಮನೆಯ ಅಂಗಳದಲ್ಲಿ ಆಗುವ ಕೆಲಸವಲ್ಲ. ಒಂದು ಹಲ್ಲು ಇನ್ನೊಂದರ ಎಲ್ಲಿ, ಎಷ್ಟು ಕಚ್ಚಬೇಕು ಎಂಬುದನ್ನು ಕೂದಲೆಳೆಯ ಲೆಕ್ಕದಲ್ಲಿ ಹೊಂದಿಸಬೇಕು. ಹಾಗಾಗಿ ಇಡೀ ಆಕ್ಸಲ್ಲನ್ನೇ, ಡಿಫರೆನ್ಶಿಯಲ್ ಸಮೇತ, ಬದಲಿಸುವುದೆಂದು ಗೆಳೆಯ ಹೇಳಿದ. ಗುಜರಿಯಲ್ಲಿ ಹಳೆಯ ಜೀಪಿನ ಎರಡು ಆಕ್ಸಲ್ ಸಿಕ್ಕಿದವು. ಎರಡೂ ನೋಡಲು ಅವಳಿ ಜವಳಿ. ಯಾವುದು ನಮ್ಮದಕ್ಕೆ ಸರಿ?

ಇಲ್ಲಿ ಮೊಮ್ಮಗಳ ಗಣಿತ ಕೆಲಸಕ್ಕೆ ಬಂತು. ಎರಡನೇ ಮಹಾಯುದ್ಧದ ಕಾಲದ ಜೀಪಿನಲ್ಲಿ ಶಾಫ್ಟ್ ಕಡೆಯ ಸಣ್ಣ ಚಕ್ರಕ್ಕೆ, ಅಂದರೆ ಪಿನಿಯನ್‌ಗೆ, 8 ಹಲ್ಲು. ಅದು ಕಚ್ಚುವ ದೊಡ್ಡ ಚಕ್ರಕ್ಕೆ, ಅಂದರೆ ಕ್ರೌನ್‌ಗೆ, 39 ಹಲ್ಲು. ಆಮೇಲೆ ಬಂದ, ನಮ್ಮ ದೇಶದಲ್ಲಿ ಮಹೀಂದ್ರಾದವರು ವರ್ಷಗಟ್ಟಲೆ ತಯಾರಿಸಿದ ಸಿಜೆ-3ಬಿ ಜೀಪಿನಲ್ಲಿ 8ಕ್ಕೆ 43 ಹಲ್ಲು. 39ನ್ನು 8ರಿಂದ ಭಾಗಿಸಿದರೆ 4.875, 43ನ್ನು ಭಾಗಿಸಿದರೆ 5.375. ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ ಒಂದರಲ್ಲಿ ಐದು ಸುತ್ತಿಗೂ ಕಡಿಮೆ, ಇನ್ನೊಂದರಲ್ಲಿ ಐದೂಕಾಲಿಗೂ ಹೆಚ್ಚು ತಿರುಗಬೇಕು.

‘ಅರ್ಧ ಸುತ್ತು ತಾನೇ ಅಜ್ಜ?’ ಎಂದಳು.

ಅರ್ಧ ಸುತ್ತೇ. ಆದರೆ ಜೀಪಿಗೆ ಮುಂದೆಯೂ ಒಂದು ಡಿಫರೆನ್ಶಿಯಲ್ ಇದೆ. ಏರಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಲಿವರ್ ಎಳೆದಾಗ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮುಂದೆ 43, ಹಿಂದೆ 39 ಇದ್ದರೆ ಚಕ್ರದ ಪ್ರತಿ ಸುತ್ತಿಗೂ ಎರಡು ಶಾಫ್ಟ್‌ಗಳ ನಡುವೆ ಅರ್ಧ ಸುತ್ತಿನ ಜಗಳ. ಕೆಸರಿನಲ್ಲಿ ಚಕ್ರ ಜಾರಿ ಜಗಳ ಹೇಗೋ ಬಗೆಹರಿದೀತು. ಗಟ್ಟಿ ನೆಲದಲ್ಲಿ ಏನಾದರೊಂದು ಮುರಿಯುತ್ತದೆ.

ಗೆಳೆಯ ಪಿನಿಯನ್ ಮೂತಿಗೆ ಸೀಮೆಸುಣ್ಣದ ಗೆರೆ ಎಳೆದ. ನಾನೊಂದು ಕಡೆ, ಗುಜರಿಯ ಹುಡುಗ ಇನ್ನೊಂದು ಕಡೆ ನಿಂತು ಎರಡೂ ಬದಿಯನ್ನು ಸರಿಯಾಗಿ ಒಂದು ಸುತ್ತು ತಿರುಗಿಸಿದೆವು. ಮೊಮ್ಮಗಳು ಗೆರೆ ಎಷ್ಟು ಸಲ ಬಂತೆಂದು ಎಣಿಸಿದಳು. ಮೊದಲನೆಯದು ಐದು ಸುತ್ತು ಪೂರ್ತಿ ಮಾಡಲಿಲ್ಲ. ಅದನ್ನು ಬಿಟ್ಟೆವು. ಎರಡನೆಯದು ಐದು ದಾಟಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೋಯಿತು. ಹಿಂದಿನ ಮುಚ್ಚಳ ಬಿಚ್ಚಿಸಿ ಎಣಿಸಿದೆವು, 43. ಹಲ್ಲುಗಳೂ ಚೆನ್ನಾಗಿದ್ದವು. ಅಗಲ, ಪ್ಲೇಟ್ ಸ್ಪ್ರಿಂಗ್ ಕೂರುವ ಜಾಗ ಎಲ್ಲ ನಮ್ಮದಕ್ಕೆ ಹೊಂದಿದವು. ಒಂದೇ ಒಂದು ತಕರಾರು ಇತ್ತು: ಇದರ ಮೂತಿ ನಮ್ಮದಕ್ಕಿಂತ ಒಂದು ಇಂಚು ಉದ್ದ.

‘ಒಂದಿಂಚು ತಾನೇ, ಶಾಫ್ಟ್‌ನಲ್ಲಿ ಸ್ಲಿಪ್ ಇರುತ್ತಲ್ಲ ಸಾರ್, ಹೊಂದ್ಕೊಳುತ್ತೆ’ ಎಂದ ಗುಜರಿಯವನು.

ಈ ಸ್ಲಿಪ್ ಎಂದರೇನು ಎಂದು ಇಲ್ಲೇ ಹೇಳಿಬಿಡುತ್ತೇನೆ. ಗೇರ್‌ಬಾಕ್ಸ್ ಚಾಸಿಗೆ ಬಿಗಿದುಕೊಂಡಿದೆ. ಹಿಂದಿನ ಆಕ್ಸಲ್ ಸ್ಪ್ರಿಂಗಿನ ಮೇಲೆ ಕೂತಿದೆ. ಗುಂಡಿ ಬಂದಾಗ ಆಕ್ಸಲ್ ಮೇಲೆ ಕೆಳಗೆ ಹೋಗುತ್ತದೆ, ಅದರೊಂದಿಗೆ ಎರಡರ ನಡುವಿನ ದೂರವೂ ಬದಲಾಗುತ್ತದೆ. ಆದ್ದರಿಂದ ಶಾಫ್ಟ್ ಒಂದೇ ತುಂಡಿನದಾಗಿರಲು ಆಗದು. ಕೊಡೆಯ ಹಿಡಿಯ ಹಾಗೆ ಒಂದರೊಳಗೊಂದು ಜಾರುವ ಎರಡು ಭಾಗ ಬೇಕು. ಜಾರಬೇಕು, ಆದರೆ ಒಂದು ತಿರುಗಿದಾಗ ಇನ್ನೊಂದೂ ತಿರುಗಬೇಕು. ಅದಕ್ಕೇ ಅದರ ಮೇಲೆ ಉದ್ದುದ್ದಕ್ಕೆ ಹಲ್ಲಿನ ಗೆರೆಗಳಿರುತ್ತವೆ. ಅದೇ ಸ್ಲಿಪ್ ಜಾಯಿಂಟ್.

ಭಾನುವಾರ ಹಳೆಯ ಆಕ್ಸಲ್ ಕೆಳಗಿಳಿಸಲು ಕೂತೆವು. ಮೊದಲಿಗೆ ಜೀಪು ತನ್ನ ನಾಲ್ಕು ಚಕ್ರದ ಮೇಲೆ ನಿಂತಿರುವಾಗಲೇ ಗೆಳೆಯ ಶಾಫ್ಟಿನ ಉದ್ದ ಅಳೆದ. ಎರಡು ತುದಿಯ ಕ್ರಾಸ್‌ಗಳ ನಡುಮಧ್ಯದಿಂದ ನಡುಮಧ್ಯಕ್ಕೆ 21 ಇಂಚು 3 ನೂಲು. ಮರಗೆಲಸದವರ ಮನೆಯ ಮಕ್ಕಳಿಗೆ ನೂಲು ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತೇನೆ: ಎಂಟು ನೂಲು ಸೇರಿದರೆ ಒಂದು ಇಂಚು. ನಾನು ಹಳೆಯ ಅಭ್ಯಾಸದಂತೆ ನೋಟುಬುಕ್ಕಿನ ಎಡಪುಟದಲ್ಲಿ ಬರೆದುಕೊಂಡೆ.

ಗೆಳೆಯ ಕೆಳಗೆ ತೂರಿ ಶಾಫ್ಟಿನ ಕೊನೆಯ ಯು-ಬೋಲ್ಟ್ ಬಿಚ್ಚುವ ಮುಂಚೆ, ‘ಹಿಂದೆ ಮುಂದೆ ಕಲ್ಲು ಕೊಟ್ಟಿದೀರಾ?’ ಎಂದು ಕೇಳಿದ. ನಾನು, ‘ಹ್ಯಾಂಡ್‌ಬ್ರೇಕ್ ಎಳೆದಿದೀನಿ ಮಾರಾಯ, ಗೇರಿನಲ್ಲೂ ಇದೆ’ ಎಂದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಹೊರಗೆ ಬಂದ. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಗೇರ್‌ಬಾಕ್ಸಿನ ಹಿಂದೆ ಶಾಫ್ಟ್ ಹೊರಡುವ ಜಾಗದಲ್ಲಿ ಶಾಫ್ಟನ್ನು ಹಿಡಿಯುತ್ತದೆ. ಶಾಫ್ಟ್ ಬಿಚ್ಚಿದ ಗಳಿಗೆಯಲ್ಲಿ ಹಿಂದಿನ ಚಕ್ರಕ್ಕೆ ಹ್ಯಾಂಡ್‌ಬ್ರೇಕೂ ಇಲ್ಲ, ಗೇರೂ ಇಲ್ಲ. ನಮ್ಮ ಅಂಗಳ ಗೇಟಿನ ಕಡೆಗೆ ಇಳಿಜಾರು. ಮೊಮ್ಮಗಳು ನಾಲ್ಕು ಸೈಜುಗಲ್ಲು ಹೊತ್ತು ತಂದು ಚಕ್ರಗಳಿಗೆ ಅಡ್ಡ ಇಟ್ಟಳು. ಬೋಲ್ಟ್ ಬಿಚ್ಚಿದಾಗ ಜೀಪು ‘ಗರಕ್’ ಎಂದು ಆ ಕಲ್ಲಿಗೆ ಬಂದು ಒರಗಿದ್ದನ್ನು ನಾನು ಕಣ್ಣಾರೆ ನೋಡಿದೆ. ಕಲ್ಲು ಇಲ್ಲದಿದ್ದರೆ ನನ್ನ ಗೆಳೆಯ ಅದರ ಅಡಿಯಲ್ಲಿದ್ದ.

ಅಜ್ಜಂದಿರಿಗೆ ಒಂದು ಮಾತು. ಜಾಕಿ ಎತ್ತಲು ಇರುವುದು, ಹೊರಲು ಅಲ್ಲ. ಎತ್ತಿದ ಮೇಲೆ ಚಾಸಿಯ ಕೆಳಗೆ ಗಟ್ಟಿ ಆಸರೆ ಕೊಟ್ಟೇ ತೂರಬೇಕು. ನಾವು ಭಾರಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಆಸರೆ ಮಾಡಿದ್ದೆವು. ಮಕ್ಕಳು ಗಾಡಿಯ ಕೆಳಗೆ ಹೋಗುವ ಮಾತೇ ಇಲ್ಲ; ಅಳತೆ ಬರೆಯಲು, ಬೋಲ್ಟು ಜೋಡಿಸಿಡಲು, ದೊಡ್ಡವರಿಗೆ ಬಯ್ಯಲು ಹೊರಗೇ ಬೇಕಾದಷ್ಟು ಜಾಗವಿದೆ.

ಸಂಜೆಯ ಹೊತ್ತಿಗೆ ಹೊಸ ಆಕ್ಸಲ್ ಸ್ಪ್ರಿಂಗಿಗೆ ಬಿಗಿದದ್ದಾಯಿತು. ಗೆಳೆಯ ಕೊನೆಯ ಬಸ್ಸಿಗೆ ಭದ್ರಾವತಿಗೆ ಹೊರಟ. ಚಾಸಿ ಇನ್ನೂ ದಿಮ್ಮಿಯ ಮೇಲೆ, ಚಕ್ರಗಳು ಗಾಳಿಯಲ್ಲಿ. ನಾಳೆ ಬೆಳಿಗ್ಗೆಯೇ ಲೇತ್‌ನವನಿಗೆ ಶಾಫ್ಟ್ ಕೊಟ್ಟುಬಿಡೋಣ ಎಂಬ ಅವಸರದಲ್ಲಿ ನಾನೇ ಟೇಪು ಹಿಡಿದು ಅಳೆದೆ: 21 ಇಂಚು 1½ ನೂಲು. ನೋಟುಬುಕ್ಕಿನ ಬಲಪುಟದಲ್ಲಿ ಬರೆದೆ. ಎಡದಿಂದ ಬಲವನ್ನು ಕಳೆದೆ. ವ್ಯತ್ಯಾಸ ಒಂದೂವರೆ ನೂಲು. ಮೂತಿ ಒಂದಿಂಚು ಉದ್ದ ಇದ್ದರೂ ಶಾಫ್ಟನ್ನು ಒಂದೂವರೆ ನೂಲು ಕತ್ತರಿಸಿದರೆ ಸಾಕು ಎಂಬ ವಿಚಿತ್ರ ಉತ್ತರ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬ್ಯಾಂಕಿನಲ್ಲಿ ಇಂಥ ಉತ್ತರ ಬಂದಿದ್ದರೆ ರಾತ್ರಿ ಒಂಬತ್ತಾದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮನೆಯಲ್ಲಿ ಯಾರೂ ಕೇಳುವವರಿಲ್ಲವಲ್ಲ!

ಮರುದಿನ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಚೀಟಿ ನೋಡಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಯಜಮಾನ್ರೇ, ಇದು ಗಾಡಿ ನಿಂತಿರುವಾಗ ತಗೊಂಡ ಅಳತೆಯೋ, ನೇತಾಡುವಾಗ ತಗೊಂಡದ್ದೋ?’

ನಾನು ಸುಮ್ಮನಾದೆ. ಶಾಫ್ಟನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಸಂಜೆ ಮೊಮ್ಮಗಳು ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಲಂಬಕೋನ ತ್ರಿಭುಜ ಬರೆದಳು. ಗೇರ್‌ಬಾಕ್ಸ್ ಮೇಲಿದೆ, ಡಿಫರೆನ್ಶಿಯಲ್ ಮೂತಿ ಕೆಳಗಿದೆ. ಅಡ್ಡದ ದೂರ 20 ಇಂಚು. ಗಾಡಿ ನೆಲದ ಮೇಲೆ ನಿಂತಾಗ ಎತ್ತರದ ವ್ಯತ್ಯಾಸ 4 ಇಂಚು. ಶಾಫ್ಟ್ ಎಂದರೆ ಆ ತ್ರಿಭುಜದ ವಿಕರ್ಣ, ಪೈಥಾಗೊರಸ್‌ನ ಹಳೆಯ ಲೆಕ್ಕ. 20ರ ವರ್ಗ 400, 4ರ ವರ್ಗ 16, ಕೂಡಿದರೆ 416. ಅದರ ವರ್ಗಮೂಲ ಸುಮಾರು 20.4. ಅಂದರೆ 20 ಇಂಚು 3 ನೂಲು. ಚಕ್ರ ಗಾಳಿಯಲ್ಲಿ ನೇತಾಡಿದಾಗ ಸ್ಪ್ರಿಂಗ್ ಇಳಿಬಿದ್ದು ಎತ್ತರದ ವ್ಯತ್ಯಾಸ 7 ಇಂಚಾಗಿತ್ತು. 400ಕ್ಕೆ 49 ಸೇರಿಸಿ 449, ವರ್ಗಮೂಲ 21.2ರ ಹತ್ತಿರ. ನನ್ನ 21 ಇಂಚು 1½ ನೂಲು ಅದೇ. ಗಾಡಿಯ ಭಾರ ಚಕ್ರದ ಮೇಲೆ ಇಲ್ಲದಾಗ ಅಳೆದು ನಾನು ಆರೂವರೆ ನೂಲು ಹೆಚ್ಚು ಬರೆದಿದ್ದೆ. (ಸ್ಪ್ರಿಂಗ್ ಬಾಗುವಾಗ ಆಕ್ಸಲ್ ಕೂದಲಷ್ಟು ಹಿಂದೆ ಮುಂದೆಯೂ ಹೋಗುತ್ತದೆ. ಅದನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇವೆ.)

‘ಆರೂವರೆ ನೂಲು ಉದ್ದ ಆದ್ರೆ ಏನಾಗುತ್ತೆ ಅಜ್ಜ? ಸ್ಲಿಪ್ ಒಳಗೆ ಜಾರುತ್ತಲ್ಲ?’

ಜಾರುತ್ತದೆ, ಆದರೆ ಎಷ್ಟು? ಹಳೆಯ ಶಾಫ್ಟನ್ನು ಪೂರ್ತಿ ಒಳಗೆ ತಳ್ಳಿ ಅಳೆದಿದ್ದೆವು, 20 ಇಂಚು 3 ನೂಲು. ಗಾಡಿ ನಿಂತಾಗ 21 ಇಂಚು 3 ನೂಲು ಇತ್ತು. ಅಂದರೆ ಒಳಗೆ ಜಾರಲು ಇದ್ದ ಜಾಗ ಸರಿಯಾಗಿ ಒಂದಿಂಚು, ಎಂಟು ನೂಲು. ಈಗ ಭಾರ ತುಂಬಿದ ಜೀಪು ಗುಂಡಿಗೆ ಬಿದ್ದು ಸ್ಪ್ರಿಂಗ್ ಮೂರಿಂಚು ಒತ್ತಿತು ಎನ್ನೋಣ. ಎತ್ತರದ ವ್ಯತ್ಯಾಸ 4ರಿಂದ 1ಕ್ಕೆ ಬಂತು. 400 ಕೂಡಿಸು 1, ವರ್ಗಮೂಲ 20ಕ್ಕಿಂತ ತುಸುವೇ ಹೆಚ್ಚು. ಶಾಫ್ಟ್ ಸುಮಾರು ಮೂರು ನೂಲು ಕುಗ್ಗಬೇಕು. ನನ್ನ ಚೀಟಿಯ ಪ್ರಕಾರ ಮಾಡಿಸಿದ್ದರೆ ಎಂಟು ನೂಲಿನಲ್ಲಿ ಆರೂವರೆ ಹೋಗಿ ಉಳಿಯುವುದು ಒಂದೂವರೆ. ಬೇಕಾದದ್ದು ಮೂರು. ಮೊಮ್ಮಗಳು ಕಲ್ಲಿನ ಮೇಲೆ ಬರೆದಳು: ‘ಕೊರತೆ 1½ ನೂಲು’.

ಬ್ಯಾಂಕಿನಲ್ಲಿ ಕೊರತೆ ಬಂದರೆ ಸಂಬಳದಿಂದ ಹಿಡಿದುಕೊಳ್ಳುತ್ತಾರೆ. ಇಲ್ಲಿ ಶಾಫ್ಟ್ ಇನ್ನು ಕುಗ್ಗಲು ಜಾಗವಿಲ್ಲದೆ ಗದೆಯಂತೆ ಗೇರ್‌ಬಾಕ್ಸಿನ ಬೆನ್ನಿಗೆ ಗುದ್ದುತ್ತದೆ. ಬೇರಿಂಗ್ ಒಡೆಯಬಹುದು, ಎರಕದ ಪೆಟ್ಟಿಗೆಯೇ ಬಿರಿಯಬಹುದು. ಗುಜರಿಯವನ ಮಾತು ಕೇಳಿ ಕತ್ತರಿಸದೆಯೇ ಹಾಕಿದ್ದರಂತೂ ನಿಂತಲ್ಲೇ ಒಂದು ನೂಲೂ ಉಳಿಯುತ್ತಿರಲಿಲ್ಲ. ತೀರಾ ಗಿಡ್ಡ ಮಾಡಿದರೆ ಅದು ಇನ್ನೊಂದು ಅಪಾಯ. ಚಕ್ರ ಇಳಿಬಿದ್ದಾಗ ಸ್ಲಿಪ್ ಕಳಚಿಕೊಂಡು ಶಾಫ್ಟಿನ ಮೂತಿ ರಸ್ತೆಗೆ ಊರುತ್ತದೆ. ಹ್ಯಾಂಡ್‌ಬ್ರೇಕೂ ಆಗ ಅದರೊಂದಿಗೇ ಹೋಯಿತು.

ಗಾಡಿಯನ್ನು ದಿಮ್ಮಿಯಿಂದ ಇಳಿಸಿ, ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಸಲ ಮೇಲೆ ಕೆಳಗೆ ಕುಲುಕಿಸಿ, ಮತ್ತೆ ಅಳೆದೆವು. 20 ಇಂಚು 3 ನೂಲು. ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಎಂಟು ನೂಲು, ಮೂತಿಯ ಒಂದಿಂಚಿಗೆ ಸರಿಸಮ. ಟ್ಯಾಲಿ ಆಯಿತು.

ಮೇಸ್ತ್ರಿ ಲೇತ್ ಮೇಲೆ ಕೊಳವೆಯ ಒಂದು ತುದಿಯ ವೆಲ್ಡಿಂಗ್ ಕೊರೆದು ಬಿಡಿಸಿದ, ಒಂದಿಂಚು ಕತ್ತರಿಸಿದ, ತುದಿಯ ಕವಲನ್ನು ಮತ್ತೆ ಬಡಿದು ಕೂರಿಸಿದ. ಪೂರ್ತಿ ವೆಲ್ಡ್ ಮಾಡುವ ಮುಂಚೆ ಡಯಲ್ ಗೇಜ್ ಹಿಡಿದು ತಿರುಗಿಸಿ, ಎಲ್ಲಿ ಡೊಂಕಿದೆ ನೋಡಿ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ. ಇಷ್ಟೊಂದು ಮುತುವರ್ಜಿ ಯಾಕೆಂದು ನಾವೂ ಲೆಕ್ಕ ಹಾಕಿದೆವು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಜೀಪಿನ ಚಕ್ರ ನಿಮಿಷಕ್ಕೆ ಸುಮಾರು 370 ಸುತ್ತು ತಿರುಗುತ್ತದೆ. ಅದನ್ನು 5.375ರಿಂದ ಗುಣಿಸಿ: ಶಾಫ್ಟ್ ನಿಮಿಷಕ್ಕೆ 2,000 ಸುತ್ತಿನ ಹತ್ತಿರ. ಅಷ್ಟು ವೇಗದಲ್ಲಿ ಒಂದು ಬದಿ ಚೂರು ಭಾರವಾದರೂ ಇಡೀ ಗಾಡಿ ನಡುಗುತ್ತದೆ. ಅದಕ್ಕೇ ಕೊನೆಗೆ ಮಷಿನ್ನಿನಲ್ಲಿ ತಿರುಗಿಸಿ ಹಗುರ ಇರುವ ಕಡೆ ಪುಟ್ಟ ತಗಡು ಅಂಟಿಸಿ ಸಮತೂಕ ಮಾಡುತ್ತಾರೆ. ನಿಮ್ಮ ಮನೆಯ ಹತ್ತಿರ ಲಾರಿ ನಿಂತಿದ್ದರೆ ಬಗ್ಗಿ ನೋಡಿ, ಶಾಫ್ಟಿನ ಮೇಲೆ ಅಂಥ ತಗಡಿನ ತುಂಡು ಕಾಣಬಹುದು.

ಬುಧವಾರ ಶಾಫ್ಟ್ ಕೈಗೆ ಬಂತು. ಗೆಳೆಯ ಭಾನುವಾರ ಬರುವವನು. ಸ್ಲಿಪ್‌ಗೆ ಗ್ರೀಸ್ ತುಂಬುವ ಸಣ್ಣ ಕೆಲಸವನ್ನಾದರೂ ಮುಗಿಸಿಡೋಣ ಎಂದು ನಾನು ಎರಡು ಭಾಗವನ್ನೂ ಎಳೆದು ಬಿಡಿಸಿ, ಗ್ರೀಸ್ ಬಳಿದು, ಮತ್ತೆ ಜೋಡಿಸಿಟ್ಟೆ. ನನ್ನ ಎರಡನೇ ತಪ್ಪು ಆ ಹತ್ತು ನಿಮಿಷದಲ್ಲಿ ಆದದ್ದು.

ಭಾನುವಾರ ಶಾಫ್ಟ್ ಬಿಗಿದೆವು, ತೊಂಬತ್ತರ ಗೇರ್ ಆಯಿಲ್ ತುಂಬಿದೆವು, ಬ್ರೇಕಿನ ಗಾಳಿ ತೆಗೆದೆವು. ಭದ್ರಾವತಿ ರಸ್ತೆಯಲ್ಲಿ ಪರೀಕ್ಷೆಗೆ ಹೊರಟೆವು. ಊಳು ನಿಂತಿತ್ತು. ಆದರೆ ವೇಗ ನಲವತ್ತು ದಾಟಿದ್ದೇ ತಡ, ಕಾಲ ಕೆಳಗಿನ ತಗಡೆಲ್ಲ ಜುಮುಜುಮು ನಡುಗತೊಡಗಿತು. ಮಾಚೇನಹಳ್ಳಿಯ ಹತ್ತಿರ ಗೆಳೆಯ, ‘ನಿಲ್ಸು’ ಎಂದ. ಕೆಳಗಿಳಿದು ರಸ್ತೆ ಪಕ್ಕ ಬಗ್ಗಿ ನೋಡಿ, ನಗುತ್ತ ಎದ್ದ.

ಶಾಫ್ಟಿನ ಎರಡು ತುದಿಗೂ ಇರುವುದು ಒಂದೊಂದು ಯುನಿವರ್ಸಲ್ ಜಾಯಿಂಟ್. ಎರಡು ಕವಲುಗಳು, ನಡುವೆ ಕೂಡಿಸುವ ಚಿಹ್ನೆಯಂಥ ಒಂದು ಕ್ರಾಸ್. ಶಾಫ್ಟ್ ಓರೆಯಾಗಿದ್ದರೂ ತಿರುಗುವಂತೆ ಮಾಡುವುದು ಅದೇ. ಇಟಲಿಯ ಕಾರ್ಡಾನೊ ಎಂಬ ಗಣಿತಜ್ಞನ ಹೆಸರಿನಿಂದ ಯುರೋಪಿನ ಕೆಲವು ಕಡೆ ಇದನ್ನು ಕಾರ್ಡನ್ ಎನ್ನುತ್ತಾರೆ. ಹದಿನೇಳನೇ ಶತಮಾನದಲ್ಲಿ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್. ಹೌದು ಮಕ್ಕಳೇ, ನಿಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿ 1665ರಲ್ಲಿ ಬೆಂಡಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜೀವಕೋಶಕ್ಕೆ ‘ಸೆಲ್’ ಎಂದು ಹೆಸರಿಟ್ಟವನೇ ಇವನು. ಭಾರ ಹೆಚ್ಚಿದಂತೆ ಸ್ಪ್ರಿಂಗ್ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಎಂಬ ನಿಯಮವೂ ಇವನದೇ. ನನ್ನ ಮೊದಲ ತಪ್ಪನ್ನು ಹುಕ್‌ನ ಸ್ಪ್ರಿಂಗ್ ಮಾಡಿಸಿತು, ಎರಡನೆಯದನ್ನು ಹುಕ್‌ನ ಜಾಯಿಂಟ್. ಇದನ್ನು ಕಾರಿಗೆ ಒಗ್ಗಿಸಿ 1903ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಹಳೆಯ ಜೀಪುಗಳ ಆಕ್ಸಲ್ ಕೂಡ ಸ್ಪೈಸರ್ ಕಂಪನಿಯ ಕೈಕೆಲಸವೇ.

ಈ ಜಾಯಿಂಟಿಗೆ ಒಂದು ಚೇಷ್ಟೆ ಇದೆ. ಓರೆಯಾಗಿ ತಿರುಗುವಾಗ ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ಬೇಗ, ಎರಡು ಸಲ ನಿಧಾನ ಆಗುತ್ತದೆ. ಕುಂಟುತ್ತ ನಡೆದಂತೆ. ಅದಕ್ಕೇ ಇನ್ನೊಂದು ತುದಿಯ ಜಾಯಿಂಟನ್ನು ಹೀಗೆ ಕೂರಿಸುತ್ತಾರೆ: ಶಾಫ್ಟಿನ ಎರಡೂ ತುದಿಯ ಕವಲು ಒಂದೇ ನೇರದಲ್ಲಿ ಇರಬೇಕು. ಆಗ ಮೊದಲನೆಯದರ ಕುಂಟನ್ನು ಎರಡನೆಯದು ಸರಿಮಾಡುತ್ತದೆ. ತಪ್ಪಾಗಿ ಕೂರಿಸಿದರೆ ಎರಡೂ ಕುಂಟು ಸೇರಿ ಕುಣಿತವಾಗುತ್ತದೆ. ಮರೆಯಬಾರದೆಂದು ಸ್ಲಿಪ್‌ನ ಎರಡು ಭಾಗದ ಮೇಲೂ ಬಾಣದ ಗುರುತು ಇರುತ್ತದೆ. ಬಾಣಕ್ಕೆ ಬಾಣ ಎದುರಾಗಬೇಕು. ನಾನು ಗ್ರೀಸ್ ಬಳಿದ ಉತ್ಸಾಹದಲ್ಲಿ ಬಾಣವನ್ನೂ ಗ್ರೀಸಿನಲ್ಲಿ ಮುಚ್ಚಿ, ಕಾಲು ಸುತ್ತು ತಪ್ಪಿಸಿ ಜೋಡಿಸಿದ್ದೆ.

ಗಾಡಿಗೆ ಕಲ್ಲು ಕೊಟ್ಟು (ಈ ಸಲ ನಾನೇ ಮೊದಲು ಕಲ್ಲು ಹುಡುಕಿದೆ) ಅಲ್ಲೇ ಬಿಚ್ಚಿ ಸರಿಮಾಡಿದೆವು. ಕೆಲಸದ ನಡುವೆ ಗೆಳೆಯ ಭದ್ರಾವತಿಯ ದಿಕ್ಕಿಗೆ ಸ್ಪ್ಯಾನರ್ ತೋರಿಸುತ್ತ ತನ್ನ ಕಾರ್ಖಾನೆಯ ಮಾತು ತೆಗೆದ. ಅದನ್ನು ತೆಗೆಯದೆ ಅವನ ಯಾವ ಭಾನುವಾರವೂ ಮುಗಿಯುವುದಿಲ್ಲ. ಕ್ರೌನ್, ಪಿನಿಯನ್ ಹಲ್ಲುಗಳಿಗೆ ಸಾಮಾನ್ಯ ಕಬ್ಬಿಣ ಆಗದು. ಮೈ ಸವೆಯದಷ್ಟು ಗಟ್ಟಿ ಇರಬೇಕು, ಒಳಗೆ ಪೆಟ್ಟು ತಾಳುವಷ್ಟು ಮೆದು ಇರಬೇಕು. ‘ಪಡ್ಡು ಇದ್ದ ಹಾಗೆ’ ಎಂದು ಮೊಮ್ಮಗಳಿಗೆ ವಿವರಿಸಿದ, ‘ಹೊರಗೆ ಗರಿ, ಒಳಗೆ ಮೃದು.’ ಉಕ್ಕಿಗೆ ಬೇರೆ ಲೋಹ ಬೆರೆಸಿ, ಮೈಗೆ ಇಂಗಾಲ ಹೀರಿಸಿ, ಕಾಯಿಸಿ ತಣಿಸಿ ಅದನ್ನು ಸಾಧಿಸುತ್ತಾರೆ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲು ಉರಿಸಿ ಕಬ್ಬಿಣ ಕರಗಿಸುತ್ತ ಶುರುವಾದದ್ದು. ಮುಂದೆ ಅಂಥ ಮಿಶ್ರಲೋಹದ ಉಕ್ಕಿಗೇ ಹೆಸರಾಯಿತು. ಅದನ್ನು ಕಟ್ಟಿ ನಿಲ್ಲಿಸಿದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ನಮ್ಮ ದೇಶದಲ್ಲೇ ಕಾರು ಕಾರ್ಖಾನೆ ಆಗಬೇಕೆಂದು ವಿದೇಶ ಸುತ್ತಿ ಯೋಜನೆ ತಯಾರಿಸಿದ್ದರು. ಮೈಸೂರು ರಾಜ್ಯದಲ್ಲಿ ಅದು ಕೈಗೂಡಲಿಲ್ಲ. ಅವರೊಂದಿಗೆ ಆ ಕನಸು ಕಂಡಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ನಮ್ಮ ಕಾಲದವರು ಮದುವೆ ದಿಬ್ಬಣಕ್ಕೆ ಹೋಗುತ್ತಿದ್ದ ಪದ್ಮಿನಿ ಕಾರು ಅಲ್ಲಿಂದ ಬಂದದ್ದು. 2023ರ ಆರಂಭದಲ್ಲಿ, ನೂರು ತುಂಬಿದ ಹೊತ್ತಿಗೆ, ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂದಾಗ ಈ ಗೆಳೆಯ ಎರಡು ದಿನ ಫೋನ್ ಎತ್ತಿರಲಿಲ್ಲ. ಆ ಮಾತು ಬಂದರೆ ಈಗಲೂ ಸ್ಪ್ಯಾನರನ್ನು ಅಗತ್ಯಕ್ಕಿಂತ ಜೋರಾಗಿ ಬಿಗಿಯುತ್ತಾನೆ.

ಮತ್ತೆ ಗಾಡಿ ಓಡಿಸಿದೆವು. ಐವತ್ತಕ್ಕೂ ನಡುಕವಿಲ್ಲ.

ಅಕ್ಕನ ಮನೆಗೆ ಹೊರಡುವ ದಿನ ಮೊಮ್ಮಗಳು ಒಂದು ಉಪಾಯ ಮಾಡಿದಳು. ಗಾಡಿ ಖಾಲಿ ನಿಂತಿರುವಾಗ ಸ್ಲಿಪ್ ಹೊರಬರುವ ಜಾಗದಲ್ಲಿ ಶಾಫ್ಟಿನ ಮೇಲೆ ಬಣ್ಣದ ಗೆರೆ ಎಳೆಸಿ, ಅದರಾಚೆಗೆ ತೆಳುವಾಗಿ ಗ್ರೀಸ್ ಬಳಿಸಿದಳು. ಶಾಫ್ಟ್ ಎಷ್ಟು ಒಳಗೆ ಜಾರುತ್ತದೋ ಅಷ್ಟು ಗ್ರೀಸ್ ಒರೆಸಿಹೋಗುತ್ತದೆ. ಮುಂದಿನ ಮೂರು ನೂಲು ನಮ್ಮ ಲೆಕ್ಕ, ಅದರ ಮುಂದಿನ ಐದು ನೂಲು ಉಳಿತಾಯ.

ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ತೀರ್ಥಹಳ್ಳಿಗೆ ಹೋದೆವು. ಅಲ್ಲಿ ಅಕ್ಕಿ, ಬೆಲ್ಲ, ಹಿಂಡಿ ಮೂಟೆ ಹೇರಿದೆವು. ಡಾಂಬರು ಮುಗಿದಲ್ಲಿ ಅಕ್ಕ ಛತ್ರಿ ಹಿಡಿದು ಕಾಯುತ್ತಿದ್ದಳು. ಮಗನ ಕೈ ಹಿಡಿದು ಇಳಿದು ಬಂದಿದ್ದಳಂತೆ, ಹತ್ತುವುದು ಮಾತ್ರ ಜೀಪಿನಲ್ಲೇ ಎಂದು ಹಟ. ಮುಂದಿನ ಸೀಟಿನಲ್ಲಿ ಕೂರಿಸಿ, ನಾಲ್ಕು ಚಕ್ರದ ಲಿವರ್ ಎಳೆದು ಗೆಳೆಯ ಗಾಡಿ ಹತ್ತಿಸಿದ. ಅರ್ಧ ದಾರಿಯಲ್ಲಿ ಮಳೆನೀರು ಕೊರೆದ ದೊಡ್ಡ ಕೊರಕಲು. ಹಿಂದಿನ ಚಕ್ರ ಅದರಲ್ಲಿ ಧಡ್ ಎಂದು ಇಳಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಎಂಜಿನ್ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಅಂಗಳದಲ್ಲಿ ನಿಲ್ಲಿಸಿ, ಕಲ್ಲು ಕೊಟ್ಟು, ಗೆಳೆಯ ಟಾರ್ಚೂ ಟೇಪೂ ಹಿಡಿದು ಕೆಳಗೆ ತೂರಿದ. ಅಕ್ಕ ಒಳಗೆ ಹೋಗದೆ ಜಗಲಿಯ ಅಂಚಿನಲ್ಲೇ ನಿಂತಿದ್ದಳು. ‘ಎಷ್ಟು?’ ಎಂದು ಮೊಮ್ಮಗಳು ಕೂಗಿದಳು.

‘ಎರಡೂವರೆ ನೂಲು’ ಎಂದ ಒಳಗಿನಿಂದ.

ಅವಳು ನನ್ನ ನೋಟುಬುಕ್ ಕಿತ್ತುಕೊಂಡು ಬಲಪುಟದಲ್ಲಿ ಬರೆದಳು: ‘ಒಟ್ಟು 8. ಖರ್ಚು 2½. ಉಳಿಕೆ 5½.’ ಕೆಳಗೆ ನನ್ನ ಹಾಗೆಯೇ ಎರಡು ಗೆರೆ ಎಳೆದಳು. ಅಕ್ಕ, ‘ಲೆಕ್ಕ ಸಾಕು, ಎಲ್ರೂ ಸೀಗೆಪುಡಿ ಹಾಕ್ಕೊಂಡು ಕೈ ತೊಳ್ಕೊಳ್ಳಿ, ಕಡುಬು ಆರ್ತಾ ಇದೆ’ ಎಂದಳು.